ಕೇಳದೇ ಉಳಿದ ಮೂರನೆಯ ಮಾತು

ಮನೆಗೆ ಹೊಸಬರು ಬಂದರೆ ನಾನು ಮೂರು ಮಾತು ಕೇಳುತ್ತಿದ್ದೆ. ಯಾವ ಊರು, ಮನೆತನದ ಅಡ್ಡಹೆಸರೇನು, ಕುಲದೇವರು ಯಾವುದು. ಇದರಲ್ಲಿ ತಪ್ಪಿದೆ ಎಂದು ಹೋದ ವರ್ಷದ ಶ್ರಾವಣದವರೆಗೂ ನನಗೆ ಅನ್ನಿಸಿರಲಿಲ್ಲ. ಈಗ ಯಾರಾದರೂ ಬಂದರೆ ನೀರು ಕೊಟ್ಟು ಸುಮ್ಮನೆ ನಿಲ್ಲುತ್ತೇನೆ. ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ.

ಈ ಮೂರು ಮಾತನ್ನು ನಾನು ಕಲಿತದ್ದು ಪುಣೆಯಲ್ಲೇ. ಮದುವೆಯಾಗಿ ವಿಜಾಪುರದ ಕಡೆಯಿಂದ ಇಲ್ಲಿಗೆ ಬಂದಾಗ ನಮ್ಮ ಮನೆಯವರು ಒಂದು ಸಾರಿಗೆ ಆಫೀಸಿನಲ್ಲಿ ಗುಮಾಸ್ತರು. ಬಾಡಿಗೆಗೆ ಕೋಣೆ ಕೇಳಿಕೊಂಡು ಹೋದಲ್ಲೆಲ್ಲ ಕನ್ನಡದವರೆಂದು ತಿಳಿದೊಡನೆ ಕಾನಡಿ ಜನ ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ನಾಲ್ಕನೆಯ ಮನೆಯಲ್ಲಿ ಒಬ್ಬ ಮುದುಕಿ, ಅರ್ಧ ತೆರೆದ ಬಾಗಿಲಲ್ಲಿ ನಿಂತು ಊರು ಕೇಳಿದಳು, ಅಡ್ಡಹೆಸರು ಕೇಳಿದಳು. ನಮ್ಮ ಅಡ್ಡಹೆಸರಿನಿಂದ ಅವಳಿಗೆ ಏನೂ ತಿಳಿಯಲಿಲ್ಲ. ಕೊನೆಗೆ ಕುಲದೇವರು ಕೇಳಿದಳು. ತುಳಜಾಪುರದ ಭವಾನಿ ಎಂದೆ. ಬಾಗಿಲು ಪೂರ್ತಿ ತೆರೆಯಿತು. ತನ್ನದೂ ಆಕೆಯೇ ಎಂದಳು. ಅವಳ ಮನೆಯಲ್ಲಿ ಹನ್ನೊಂದು ವರ್ಷ ಇದ್ದೆವು. ಮಗಳು ಹುಟ್ಟಿದ್ದೂ ಅಲ್ಲಿಯೇ.

ಬೆಳಿಗ್ಗೆ ದೀಪ ಹಚ್ಚುವಾಗ ದೇವಿ ಮಾಡಿದ ಉಪಕಾರಗಳನ್ನು ಒಂದೊಂದಾಗಿ ಎಣಿಸಿ ನೆನೆಯುವುದು ನನ್ನ ರೂಢಿ. ನಳಕ್ಕೆ ನೀರು ಬಂತು, ಮೊಣಕಾಲು ಇವತ್ತು ಸುಮ್ಮನಿದೆ, ಕೊತ್ತಂಬರಿ ಬಾಡಿಲ್ಲ. ದೊಡ್ಡದೇನೂ ಇರುವುದಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಆ ಮುದುಕಿ ತೆರೆದ ಬಾಗಿಲು ಬರುತ್ತದೆ. ಅವಳು ಕೇಳಿದ ಹಾಗೆಯೇ ನಾನೂ ಎಲ್ಲರನ್ನೂ ಕೇಳುತ್ತ ಬಂದೆ. ಕೇಳಿದರೆ ಎಲ್ಲಿಯೋ ಒಂದು ಎಳೆ ಸಿಕ್ಕೇ ಸಿಗುತ್ತದೆ ಎಂದು ನನ್ನ ನಂಬಿಕೆ.

ಮಗಳು ಹಿಂಜವಾಡಿಯ ಒಂದು ಕಂಪನಿಯಲ್ಲಿದ್ದಾಳೆ. ಕಂಪ್ಯೂಟರ್ ಕೆಲಸ ಅಲ್ಲ, ಜನರನ್ನು ನೌಕರಿಗೆ ಆರಿಸುವ ವಿಭಾಗ. ಕಂಪನಿಯ ಮುಖ್ಯ ಆಫೀಸು ಅಮೆರಿಕದಲ್ಲಿ. ಅಲ್ಲಿ ಕರಿಯ ಜನರಿಗೆ ಸರಿಯಾಗಿ ಅವಕಾಶ ಸಿಗುತ್ತಿಲ್ಲವೆಂದು ಅದಕ್ಕೇ ಒಂದು ವಿಭಾಗ ಮಾಡಿ, ಇಲ್ಲಿಯೂ ಮಾಡಿರಿ ಎಂದು ಬರೆದರಂತೆ. ಇಲ್ಲಿ ಅದು ನನ್ನ ಮಗಳ ಪಾಲಿಗೆ ಬಂತು. ಅವಳು ಮಾಡಿದ್ದು ಇಷ್ಟು: ಅರ್ಜಿಯ ಮೇಲಿನ ಹೆಸರು, ಅಡ್ಡಹೆಸರು, ಊರು, ಫೋಟೊ ಎಲ್ಲ ಮುಚ್ಚಿಬಿಡುವುದು. ಪರೀಕ್ಷೆಯಲ್ಲಿ ಬರೆದದ್ದನ್ನಷ್ಟೇ ನೋಡಿ ಆರಿಸುವುದು. ಆರಿಸಿದವರಿಗೆ ಆರು ತಿಂಗಳು ತರಬೇತಿ, ಆಮೇಲೆ ಪಕ್ಕಾ ನೌಕರಿ.

ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಾಗ ಅವಳು ಇದನ್ನೆಲ್ಲ ಹೇಳಿದ್ದಳು. ನಾನು ಕೇಳಿದೆ, "ಅಲ್ಲಿಯವರಿಗೂ ಅಡ್ಡಹೆಸರಿನ ಕಾಟ ಅದ ಏನು?"

"ಅಲ್ಲೆ ಕೇಳೋದ ಬ್ಯಾಡವ್ವಾ. ಮೈಬಣ್ಣ ನೋಡಿದ್ರ ಸಾಕು. ಇಲ್ಲೆ ಬಾಯಿಬಿಟ್ಟು ಕೇಳಬೇಕಾಗತದ, ಅಷ್ಟ."

ನಾನು ನಕ್ಕೆ. ಹಾಗೆ ಬಾಯಿಬಿಟ್ಟು ಕೇಳುವವಳು ಎದುರಿಗೇ ಸೊಪ್ಪು ಸೋಸುತ್ತ ಕುಳಿತಿದ್ದಾಳೆಂದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಹೋದ ವರ್ಷ ಸ್ವಾತಂತ್ರ್ಯ ದಿನದ ರಜೆ ಶ್ರಾವಣ ಶುಕ್ರವಾರವೇ ಬಂದಿತ್ತು. ಹೇಗೂ ದೇವಿಗೆ ಹೋಳಿಗೆಯ ನೈವೇದ್ಯ. ಮಗಳು ಇಬ್ಬರನ್ನು ಊಟಕ್ಕೆ ಕರೆದಳು. ಒಬ್ಬಳು ಹಾಗೆ ಹೆಸರು ಮುಚ್ಚಿ ಆರಿಸಿದ ಹುಡುಗಿ. ಇನ್ನೊಬ್ಬರು ಆ ಹುಡುಗಿಗೆ ಕೆಲಸ ಕಲಿಸುತ್ತಿದ್ದ ಸಾಹೇಬರು. ಸೆಪ್ಟೆಂಬರ್ ಕೊನೆಗೆ ಅವಳ ತರಬೇತಿ ಮುಗಿಯುತ್ತಿತ್ತು. ಆಗ ಈ ಸಾಹೇಬರು ಏನು ಬರೆದು ಕೊಡುತ್ತಾರೋ ಅದರ ಮೇಲೆ ಅವಳ ನೌಕರಿ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಸಲಿಗೆ ಬೆಳೆಯುತ್ತದೆ ಎಂದು ಮಗಳ ಯೋಚನೆ. ಹೋಳಿಗೆಗೆ ತುಪ್ಪ ಕಡಿಮೆ ಮಾಡಬೇಡ, ಕಟ್ಟಿನ ಸಾರಿಗೆ ಖಾರ ಹೆಚ್ಚು ಹಾಕಬೇಡ ಎಂದು ನನಗೆ ಎರಡು ಸಲ ಹೇಳಿದಳು. ಏನು ಕೇಳಬಾರದು ಎಂದು ಹೇಳುವುದು ಅವಳಿಗೆ ನೆನಪಾಗಲಿಲ್ಲ. ಅವಳು ಚಿಕ್ಕಂದಿನಿಂದ ಕೇಳುತ್ತ ಬಂದ ಮಾತುಗಳು ಅವು. ಮನೆಯ ಗಡಿಯಾರದ ಸದ್ದಿನ ಹಾಗೆ, ಅವಳ ಕಿವಿಗೆ ಬೀಳುವುದೇ ಇಲ್ಲ.

ಊಟದ ಮಾತೆಲ್ಲ ಮರಾಠಿಯಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಸಾಹೇಬರು ಮೊದಲ ತುತ್ತಿಗೇ ನನ್ನನ್ನು ಹೊಗಳಿದರು. ಆ ಹುಡುಗಿಯನ್ನೂ ಹೊಗಳಿದರು. ತಾವು ಎರಡು ದಿನ ತಿಣುಕಿದ ಕೆಲಸವನ್ನು ಈಕೆ ಮಧ್ಯಾಹ್ನದೊಳಗೆ ಮುಗಿಸಿದಳೆಂದು ಹೇಳಿ ನಗಾಡಿದರು. ಹುಡುಗಿ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದಳು. ನಾನು ಬಡಿಸುತ್ತ ನನ್ನ ರೂಢಿಯಂತೆ ಶುರು ಮಾಡಿದೆ. ಸಾಹೇಬರು ಸಾತಾರೆಯ ಕಡೆಯವರು. ಅಡ್ಡಹೆಸರು ಹೇಳಿದರು, ಕುಲದೇವರು ಖಂಡೋಬಾ ಎಂದರು, ಜೇಜುರಿಗೆ ಹೋಗಿ ಬಂದ ಕತೆಯನ್ನೂ ಹೇಳಿದರು.

ಆಮೇಲೆ ಹುಡುಗಿಯ ಕಡೆ ತಿರುಗಿದೆ. ಯಾವ ಊರು ಎಂದರೆ ಪುಣೆಯೇ ಎಂದಳು, ಯೆರವಡಾ. ಅಡ್ಡಹೆಸರು ಕೇಳಿದರೆ ಮತ್ತೆ ತನ್ನ ಹೆಸರನ್ನೇ ಹೇಳಿದಳು. ನಾಚುತ್ತಿದ್ದಾಳೆ ಎಂದುಕೊಂಡು ನಾನು ಇನ್ನೊಂದು ಹೋಳಿಗೆ ಹಾಕಿ, ಸ್ವಲ್ಪ ಗಟ್ಟಿಯಾಗಿ, "ಆಡನಾವ ಕಾಯ್, ಬಾಳಾ?" ಎಂದೆ, ಅಡ್ಡಹೆಸರೇನು ಮಗಾ ಎಂದು. ಅವಳು ಹೇಳಿದಳು. ಪುಣೆಯಲ್ಲಿ ಆ ಅಡ್ಡಹೆಸರು ಕೇಳಿದ ಮೇಲೆ ಜಾತಿ ತಿಳಿಯಲು ಮತ್ತೇನೂ ಕೇಳಬೇಕಾಗಿಲ್ಲ. ಆದರೂ ನನ್ನ ನಾಲಿಗೆ ನಿಲ್ಲಲಿಲ್ಲ. ನನ್ನ ಮೂರರಲ್ಲಿ ಇಲ್ಲದ ಒಂದು ಮಾತು ಕೇಳಿತು, ತಂದೆ ಏನು ಮಾಡುತ್ತಾರೆ ಎಂದು.

"ಮಹಾನಗರಪಾಲಿಕೆಯಾಗ ಇದ್ದಾರ್ರಿ ಕಾಕು. ಕಸದ ಗಾಡಿ ಮ್ಯಾಲೆ," ಎಂದಳು. ನನ್ನ ಮುಖ ನೋಡಿಯೇ ಹೇಳಿದಳು.

ತುಪ್ಪದ ಗಿಂಡಿ ಅಲ್ಲಿಯೇ ಪಂಕ್ತಿಯಲ್ಲಿ ಇತ್ತು. ಆದರೂ ತುಪ್ಪ ತರುತ್ತೇನೆ ಎಂದು ನಾನು ಒಳಗೆ ಹೋದೆ. ಅಡುಗೆಯ ಕಟ್ಟೆ ಹಿಡಿದುಕೊಂಡು ನಿಂತೆ. ಹೊರಗೆ ಸಾಹೇಬರು ನನ್ನ ಮಗಳಿಗೆ ನಗುತ್ತಲೇ ಹೇಳಿದ್ದು ಕೇಳಿಸಿತು, "ಅಂದ್ರ ಮ್ಯಾಡಮ್, ನಿಮ್ಮ ಸ್ಕೀಮ್ ಭಾಳ ಛಂದ ನಡದದ. ನನಗ ಗೊತ್ತ ಆಗಲಿಲ್ಲ ನೋಡ್ರಿ." ನಾನು ತಿರುಗಿ ಹೊರಗೆ ಬರುವಷ್ಟರಲ್ಲಿ ಅವರು ಮಳೆಯ ಮಾತು, ರಸ್ತೆಯ ಮಾತು ಆಡುತ್ತಿದ್ದರು. ಹುಡುಗಿಯನ್ನು ಮತ್ತೆ ಯಾರೂ ಹೊಗಳಲಿಲ್ಲ. ಅವಳ ಕುಲದೇವರು ಯಾವುದೆಂದು ನಾನೂ ಕೇಳಲಿಲ್ಲ.

ಹೋಗುವಾಗ ಸಾಹೇಬರಿಗೆ ನಾಲ್ಕು ಹೋಳಿಗೆ ಕಟ್ಟಿಕೊಟ್ಟೆ. ಹುಡುಗಿಗೆ, ಅವಳ ತಾಯಿಗೆಂದು, ಸ್ಟೀಲಿನ ಡಬ್ಬಿಯಲ್ಲಿ ಎಂಟು ಹಾಕಿದೆ. ಎಂಟು ಯಾಕೆ ಹಾಕಿದೆ ಎಂದು ಆಕೆಗೂ ತಿಳಿದಿತ್ತು.

ಅವರು ಹೋದ ಮೇಲೆ ಮಗಳು ನನ್ನ ಮೇಲೆ ಸಿಟ್ಟಾಗುತ್ತಾಳೆ ಎಂದು ಕಾದೆ. ಅವಳು ಎಲೆ ತೆಗೆಯುತ್ತಿದ್ದಳು. ಸಿಟ್ಟು ಬಂದದ್ದು, ಅದೇ ಪಂಕ್ತಿಯಲ್ಲಿ ಉಂಡಿದ್ದ ನಮ್ಮ ಮನೆಯವರು ಬಾಯಿ ತೆರೆದ ಮೇಲೆ. ಹುಡುಗಿ ಚುರುಕಾಗಿದ್ದಾಳೆ, ಒಪ್ಪಿದೆ, ಆದರೆ ಆರಿಸುವಾಗ ಹೆಸರು ಮುಚ್ಚುವುದು, ಮತ್ತೆ ಆರು ತಿಂಗಳು ಕೂರಿಸಿ ಕಲಿಸುವುದು, ಇದೆಲ್ಲ ಸರಿಸಮಾನ ಹೇಗಾಯಿತು ಎಂದು ಅವರ ವಾದ. ನಮ್ಮ ಮನೆಯಲ್ಲಿ ದಿನಾ ಪೇಪರ್ ಬರುತ್ತಿತ್ತು, ನೀವು ನನ್ನನ್ನು ಕೂರಿಸಿ ಓದಿಸಿದಿರಿ, ಅವಳಿಗೆ ಆರು ತಿಂಗಳು ಹೆಚ್ಚೇನು ಎಂದು ಮಗಳ ವಾದ. ಇಬ್ಬರೂ ದನಿ ಏರಿಸಿದರು. ಕೊನೆಗೆ ಅವರು ಅಂದರು, "ನನಗ ಯಾರು ಸ್ಕೀಮ್ ಮಾಡಿದ್ರು? ಕಾನಡಿ ಅಂತ ಮೂವತ್ತು ವರ್ಷ ಅದ ಕುರ್ಚಿ ಮ್ಯಾಲೆ ಕೂಡಿಸಿದ್ರು. ನಾ ಎಲ್ಲಿ ಹೋಗಿ ಅಳಲಿ?"

"ನಿಮಗ ಮನಿ ಕೊಟ್ಟ ಅಜ್ಜಿ ಮಾಡಿದ್ದು ಸ್ಕೀಮ್ ಅಲ್ಲೇನಪಾ?" ಎಂದಳು ಮಗಳು. "ಕುಲದೇವರ ಹೆಸರು ಸರಿ ಬಂತು, ಬಾಗಲಾ ತಗದ್ಲು. ಈ ಹುಡುಗಿ ಅವತ್ತ ಬಂದಿದ್ರ ತಗೀತಿದ್ಲೇನು?"

ಅವರು ಪೇಪರ್ ತೆಗೆದುಕೊಂಡರು. ನನಗೆ ಮಾತ್ರ ಯಾರೋ ದೇವರ ಮನೆಯಿಂದ ಒಂದು ವಸ್ತು ಎತ್ತಿಕೊಂಡು ಹೋದ ಹಾಗಾಯಿತು. ಮರುದಿನ ದೀಪ ಹಚ್ಚಿ ಎಣಿಸಲು ಕುಳಿತರೆ ಮೊದಲನೆಯ ಉಪಕಾರದ ಹತ್ತಿರವೇ ತೊಡರಿ ನಿಂತೆ.

ಆಮೇಲಿನದನ್ನು ಮಗಳು ಹೇಳಿದಷ್ಟೇ ಬಲ್ಲೆ. ಸಾಹೇಬರು ಆ ಹುಡುಗಿಗೆ ಕೆಟ್ಟ ಮಾತು ಆಡಲಿಲ್ಲ. ದೊಡ್ಡ ಕೆಲಸ ಕೊಡುವುದನ್ನು ನಿಲ್ಲಿಸಿದರು, ಅಷ್ಟೇ. ಗಿರಾಕಿಗಳ ಜೊತೆ ಮಾತಾಡುವ ಕೂಟಗಳಿಗೆ ಕರೆಯಲಿಲ್ಲ. ಕೆಲಸ ಕೊಡದೆ, ಕೆಲಸ ಕಲಿಯಲಿಲ್ಲ ಎಂದು ಬರೆಯುವುದು ಸುಲಭ. ಮಗಳು ಮೇಲಿನವರ ಹತ್ತಿರ ಹೋದಳು. ಬರೆದು ಕೊಡು ಎಂದರು. ಬರೆಯಲು ಏನಿದೆ? ಕರೆಯಲಿಲ್ಲ ಎಂದು ಬರೆಯಬೇಕೇ, ನಕ್ಕರು ಎಂದು ಬರೆಯಬೇಕೇ? ಆದರೂ ಬರೆದಳು. ಅದೇ ಹೊತ್ತಿಗೆ ಅಮೆರಿಕದ ಆಫೀಸಿನಿಂದ ಪತ್ರ ಬಂತು. ಅಲ್ಲಿ ಗಾಳಿ ತಿರುಗಿತ್ತಂತೆ. ಅವರ ವಿಭಾಗವನ್ನೇ ಮುಚ್ಚಿದರು. ಕಾಗದಗಳಲ್ಲಿ ಇನ್ನು ಸಮಾನ ಅವಕಾಶ ಎಂಬಂಥ ಶಬ್ದಗಳನ್ನು ಬಳಸಬೇಡಿ ಎಂದರು. ನನ್ನ ಮಗಳಿಗೆ ಕಂಪನಿಯ ಬಸ್ಸು, ಕ್ಯಾಬುಗಳ ವೇಳಾಪಟ್ಟಿ ನೋಡುವ ಕೆಲಸ ಕೊಟ್ಟರು. ಅವಳ ನೌಕರಿ ಉಳಿಯಿತು. ಅದನ್ನು ನಾನು ಎಣಿಕೆಯಲ್ಲಿ ಸೇರಿಸಿಕೊಂಡೆ. ಸೇರಿಸಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ನಾನು ಏನಾದರೂ ಮಾಡಬೇಕಿತ್ತು. ಸಾಹೇಬರನ್ನು ಇನ್ನೊಮ್ಮೆ ಊಟಕ್ಕೆ ಕರೆಯೋಣವೇ ಎಂದೆ. ನಾನೇ ಫೋನ್ ಮಾಡಿ, ನನ್ನದೇ ತಪ್ಪು, ಹುಡುಗಿಯ ಮೇಲೆ ಹಾಕಬೇಡಿ ಎಂದು ಹೇಳಲೇ ಎಂದೆ. ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಏನಂತ ಹೇಳತೀ ಅವ್ವಾ? ಅವರು ನಾ ಏನ ಮಾಡೇನಿ ಅಂತಾರ. ಇವತ್ತಲ್ಲ ನಾಳೆ ಅವರಿಗೆ ಗೊತ್ತಾಗೋದಿತ್ತು. ನೀ ಕೇಳಲಿಲ್ಲಂದ್ರ ಇನ್ನೊಬ್ರು ಕೇಳತಿದ್ರು." ಸಮಾಧಾನಕ್ಕೆಂದು ಹೇಳಿದಳು. ನನಗೆ ಅದು ಇನ್ನೂ ಭಾರವಾಯಿತು. ತಪ್ಪು ನನ್ನದಾದರೂ ಆಗಿದ್ದರೆ ತಿದ್ದಲು ಒಂದು ಜಾಗವಾದರೂ ಇರುತ್ತಿತ್ತು.

ದೇವಿಯ ಮುಂದೆ ಕುಳಿತು, ಆ ಹುಡುಗಿಯ ನೌಕರಿ ಉಳಿಯಲಿ, ಅವಳು ನನ್ನ ಮಾತು ಮರೆಯಲಿ ಎಂದು ದಿನಾ ಬೇಡಿಕೊಂಡೆ. ಎರಡನೆಯದು ನನಗಾಗಿ ಬೇಡಿದ್ದು ಎಂದು ತಿಳಿಯಲು ಕೆಲವು ದಿನ ಬೇಕಾಯಿತು. ತಿಳಿದ ಮೇಲೆ ಬಿಟ್ಟೆ. ಮೊದಲನೆಯದು ನಡೆಯಲಿಲ್ಲ. ನವರಾತ್ರಿಯಲ್ಲಿ ಘಟದ ಮುಂದಿನ ದೀಪ ಒಂಬತ್ತು ದಿನವೂ ಆರದಂತೆ ನೋಡಿಕೊಂಡೆ. ಅದೇ ದಿನಗಳಲ್ಲಿ ಸಾಹೇಬರು ಬರೆದರು, ತಂಡಕ್ಕೆ ಹೊಂದಿಕೆಯಾಗುವುದಿಲ್ಲ ಎಂದು. ಹಬ್ಬ ಕಳೆಯಲಿ ಎಂದು ಅವಳಿಗೆ ಎರಡು ವಾರ ಹೆಚ್ಚು ಕೊಟ್ಟರಂತೆ.

ಆ ಎರಡು ವಾರ ಮುಗಿಯುವ ಮುಂಚೆ ಒಂದು ಸಂಜೆ ಹುಡುಗಿ ನಮ್ಮ ಮನೆಗೆ ಬಂದಳು. ಕಂಪನಿಯ ಬಸ್ಸು ನಮ್ಮ ಚೌಕದಿಂದಲೇ ಹಾದುಹೋಗುತ್ತದೆ, ಅಲ್ಲಿಯೇ ಇಳಿದಿದ್ದಳು. ಕೈಯಲ್ಲಿ ನಮ್ಮ ಡಬ್ಬಿ. ಮಗಳು ಇನ್ನೂ ಬಂದಿರಲಿಲ್ಲ. ನೀರು ಕೊಟ್ಟೆ, ಚಹಾ ಇಟ್ಟೆ. ಕುದಿಯುವ ಚಹಾದ ಕಡೆ ಮುಖ ಮಾಡಿಕೊಂಡೇ ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ, ಅವತ್ತು ನಾನು ಕೇಳಬಾರದಿತ್ತು ಎಂದು.

"ಎಲ್ಲಾರೂ ಕೇಳತಾರ ಕಾಕು. ನಾನೂ ಬ್ಯಾರೆ ಅಡ್ಡಹೆಸರು ಹೇಳೋದು ಕಲತೇನಿ. ಅವತ್ತ ಬಾಯಾಗ ನಿಮ್ಮ ಹೋಳಿಗಿ ಇತ್ತು, ಸುಳ್ಳು ಹೊಳೀಲಿಲ್ಲ." ಹೇಳಿ ನಕ್ಕಳು. ನನಗೆ ನಗಲು ಆಗಲಿಲ್ಲ.

ಡಬ್ಬಿಯನ್ನು ಮುಂದೆ ಸರಿಸಿದಳು. ಖಾಲಿ ಡಬ್ಬಿ ಒಯ್ಯಬೇಡ, ಯಾತ್ರೆ ಮುಗಿಸಿ ಬಂದ ಮೇಲೆ ಕೊಡು ಎಂದು ತಾಯಿ ಇಷ್ಟು ದಿನ ಇಟ್ಟುಕೊಂಡಿದ್ದಳಂತೆ. ಮುಚ್ಚಳ ತೆಗೆದೆ. ಒಳಗೆ ಪೇಡೆ, ಒಂದು ಹಿಡಿ ಚುರುಮುರಿ, ಮೂಲೆಯಲ್ಲಿ ಕುಂಕುಮದ ಸಣ್ಣ ಪೊಟ್ಟಣ. ಆ ಕುಂಕುಮದ ಬಣ್ಣ ನನಗೆ ಯಾರೂ ಹೇಳಬೇಕಾಗಿಲ್ಲ.

"ತುಳಜಾಪುರಕ್ಕ ಹೋಗಿದ್ರೇನು?"

"ಪ್ರತಿ ವರ್ಷ ಹೋಗತೀವಿ. ನಮ್ಮ ಕುಲದೈವತ ಆಕಿನ ಅಲ್ಲೇನ್ರಿ."

ನಮ್ಮದೂ ಆಕೆಯೇ ಎಂದೆ. ಹೌದೇ ಎಂದಳು, ಚಹಾ ಕುಡಿದಳು. ಆ ಮುದುಕಿ ಹೇಳಿದ ಮಾತನ್ನೇ ಹೇಳಿದ್ದೆ, ಆದರೆ ನನ್ನ ಹತ್ತಿರ ತೆರೆಯಲು ಯಾವ ಬಾಗಿಲೂ ಇರಲಿಲ್ಲ. ಪೊಟ್ಟಣ ಬಿಚ್ಚಿ ಅವಳ ಹಣೆಗೆ ಕುಂಕುಮ ಹಚ್ಚಿದೆ, ನಾನೂ ಹಚ್ಚಿಕೊಂಡೆ. ಬೇರೆ ನೌಕರಿ ನೋಡಿದೆಯಾ ಎಂದು ಕೇಳಿದೆ. ಅರ್ಜಿ ಹಾಕಿದ್ದೇನೆ, ಆದರೆ ಅಲ್ಲೆಲ್ಲ ಮೊದಲ ಸಾಲಿನಲ್ಲೇ ಪೂರ್ತಿ ಹೆಸರು ಬರೆಯಬೇಕು ಎಂದಳು.

ಅವಳು ಏಳುವ ಮೊದಲು ಪೇಡೆಗಳನ್ನು ದೇವರ ಮುಂದಿಟ್ಟು, ಡಬ್ಬಿ ತೊಳೆದು ಒರೆಸಿ, ಅದರ ತುಂಬ ಚಕ್ಕುಲಿ ಹಾಕಿದೆ. ಡಬ್ಬಿ ಹೋದರೆ ಅದನ್ನು ಕೊಡಲು ಅವಳು ಮತ್ತೆ ಬರಲೇಬೇಕು ಎಂದು ನನ್ನ ಆಸೆ. ಅವಳು ಡಬ್ಬಿ ಎತ್ತಿ, ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ನಮ್ಮ ಅಡ್ಡಹೆಸರನ್ನು ನೋಡಿದಳು. ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು.

"ಡಬ್ಬಿ ಬ್ಯಾಡ ಕಾಕು. ಮಂಗಳವಾರ ಬಸ್ಸಿನ ಪಾಸು ತಿರುಗಿ ಕೊಡಬೇಕು. ಆಮ್ಯಾಲೆ ಈ ಕಡೆ ಬರೋದು ಆಗೂದಿಲ್ಲ."

ಒಂದು ಪ್ಲಾಸ್ಟಿಕ್ ಚೀಲ ಕೇಳಿ ಚಕ್ಕುಲಿಯನ್ನು ಅದರಲ್ಲಿ ಸುರುವಿಕೊಂಡಳು. ಮುರಿದ ಎರಡು ಚೂರು ತಳದಲ್ಲಿ ಉಳಿದವು. ಬಗ್ಗಿ ನಮಸ್ಕಾರ ಮಾಡಿದಳು. ಏನೆಂದು ಆಶೀರ್ವಾದ ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಲಿಫ್ಟು ಬಂತು.

ಬಾಲ್ಕನಿಯಿಂದ ನೋಡಿದೆ. ಚೌಕದ ಹತ್ತಿರ ನಿಂತು ಚೀಲದಿಂದ ಒಂದು ಚಕ್ಕುಲಿ ತೆಗೆದು ತಿನ್ನುತ್ತಿದ್ದಳು. ತಿಂದಳಲ್ಲ ಎಂದು ಮರುದಿನ ದೀಪ ಹಚ್ಚುವಾಗ ನೆನೆದೆ. ಅವತ್ತಿನ ಎಣಿಕೆಗೆ ಅಷ್ಟೇ ಸಿಕ್ಕಿದ್ದು.