ಎಂಟು ಜಾಡಿ ಕಡಲು

ಬೆಳಗಿನ ಐದೂಮುಕ್ಕಾಲು. ಜಯನಗರದ ಒಂದು ಹೆಂಚಿನ ಮನೆಯ ಉಗ್ರಾಣದಲ್ಲಿ ಚಿಕ್ಕಬೈರಪ್ಪನವರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ಗೋಣಿತಾಟು ಹೊದೆಸಿದ ಎಂಟು ಗಾಜಿನ ಜಾಡಿಗಳು. ಆಸಿಡ್ ತುಂಬಿ ಬಿದಿರುಬುಟ್ಟಿಯಲ್ಲಿ ಹುಲ್ಲು ಸುತ್ತಿ ಕಳಿಸುತ್ತಾರಲ್ಲ, ಆ ಜಾತಿಯವು. ಮೊದಲ ಜಾಡಿಯ ಬಿರಡೆ ತೆಗೆದು ಮೂಸಿ ನೋಡುತ್ತಾರೆ. ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಸಾರಿನ ಉಪ್ಪು ನೋಡುವ ಅಡುಗೆಯವರ ಹಾಗೆ ಕಣ್ಣು ಮುಚ್ಚುತ್ತಾರೆ.

"ಸರಿಯಾಗೈತೆ ಮೇಷ್ಟ್ರೇ. ಟ್ಯೂಬು ಕೊಡಿ."

ಮೇಷ್ಟ್ರು ಎಂದರೆ ಈ ಮನೆಯ ಯಜಮಾನರು, ನಿವೃತ್ತ ವಿಜ್ಞಾನ ಉಪಾಧ್ಯಾಯ ಅನಂತಪದ್ಮನಾಭ. ಹುಟ್ಟಿದ್ದು ಕುಂದಾಪುರದ ಕಡೆ, ಪಾಠ ಹೇಳಿದ್ದು ಬೆಂಗಳೂರಿನಲ್ಲಿ. ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇಟ್ಟುಕೊಂಡಿದ್ದಾರೆ. ಒಳಗಿರುವುದು ಕೊಳಾಯಿ ನೀರಲ್ಲ, ಅಪ್ಪಟ ಸಮುದ್ರದ ನೀರು. ಅದರಲ್ಲಿ ಐದು ಪಟ್ಟೆಮೀನು, ಎರಡು ಸೀಗಡಿ, ಒಂದು ಕಡಲಹೂವು. ಹೂವೆಂದರೆ ಗಿಡವಲ್ಲ. ಕಲ್ಲಿಗೆ ಕಚ್ಚಿಕೊಂಡು ಎಸಳುಗಳನ್ನು ಅಲ್ಲಾಡಿಸುತ್ತ ಬದುಕುವ ಒಂದು ಜೀವ. ಕಳೆದ ಹನ್ನೊಂದು ದಿನದಿಂದ ಆ ಜೀವ ಮುದುಡಿಕೊಂಡು ಹುಣಿಸೆಹಣ್ಣಿನ ಉಂಡೆಯಷ್ಟಾಗಿದೆ. ತೊಟ್ಟಿಯ ನೀರು ಹಳಸಿದೆ, ಅರ್ಧವಾದರೂ ಬದಲಾಗಬೇಕು. ಹೊಸ ನೀರು ಬಿದ್ದ ಮೇಲೂ ಅರಳದಿದ್ದರೆ ಹೂವಿನ ಆಸೆ ಬಿಡಬೇಕು ಎಂದು ಮೇಷ್ಟ್ರು ನಿನ್ನೆಯೇ ಹೇಳಿಬಿಟ್ಟಿದ್ದಾರೆ. ಚಿಕ್ಕಬೈರಪ್ಪನವರಿಗೆ ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಪುಟ್ಟೇನಹಳ್ಳಿಯ ಚಿಕ್ಕಬೈರಪ್ಪನವರಿಗೆ ಈಗ ನಲವತ್ತಮೂರು. ಬಡಾವಣೆಗೆಂದು ಅಪ್ಪನ ಹೊಲ ಹೋದಾಗ ಹಾರೆ ಗುದ್ದಲಿ ಬಿಟ್ಟು ಲಾರಿಯ ಚಕ್ರ ಹಿಡಿದವರು. ಸುತ್ತಲಿನ ಹಳ್ಳಿಗಳ ಕೋಸು, ಹುರುಳಿಕಾಯಿಗಳನ್ನು ತಿಂಗಳಿಗೆ ಆರು ಸಲ ಮದರಾಸಿಗೆ ಒಯ್ಯುತ್ತಾರೆ, ವಾಪಸು ಬರುವಾಗ ಉಪ್ಪಿನ ಮೂಟೆ ಹೇರಿಕೊಂಡು ಬರುತ್ತಾರೆ. ಹೋಗಲು ಇನ್ನೂರು ಮೈಲಿ ಮೇಲೆ, ಬರಲು ಅಷ್ಟೇ. ಆ ಆರರಲ್ಲಿ ಒಂದು ಸಲ ಉಪ್ಪಿನ ಮೂಟೆಗಳ ನಡುವೆ ಸಮುದ್ರವೂ ಕೂತು ಬರುತ್ತದೆ. ಜಾಡಿಯೊಂದಕ್ಕೆ ಎರಡು ಕೊಡದಷ್ಟು ನೀರು. ಐದು ವರ್ಷದಿಂದ ಹೀಗೆ ಬಂದ ನೀರನ್ನೆಲ್ಲ ಸೇರಿಸಿದರೆ ಒಂದು ಸಣ್ಣ ಕಲ್ಯಾಣಿಯೇ ತುಂಬೀತು. ಆದರೆ ಜಯನಗರದಲ್ಲಿ ಮೀನು ನೋಡಲು ಬಂದವರು ಯಾರೂ ನೀರು ಎಲ್ಲಿಂದ ಬಂತು ಎಂದು ಕೇಳುವುದಿಲ್ಲ.

ನೀರು ತುಂಬುವುದೇನು ಮಹಾ ಕೆಲಸ ಎಂದುಕೊಳ್ಳಬೇಡಿ. ಮಂಡಿಯುದ್ದದ ನೀರಲ್ಲಿ ನಿಂತು ಮೊಗೆದರೆ ಬರುವುದು ಮರಳು ಮತ್ತು ಊರಿನ ಕೊಳೆ. ನದಿ ಸೇರುವ ಕಡೆ ತುಂಬುವಂತಿಲ್ಲ, ಬಂದರಿನ ಎಣ್ಣೆ ತೇಲುವ ಕಡೆಯೂ ಇಲ್ಲ. ಮದರಾಸಿನಲ್ಲಿ ಕುಪ್ಪ ಎನ್ನುವ ಮೀನುಗಾರರ ಕೇರಿಯೊಂದರಲ್ಲಿ ಮರಿಯಮ್ಮ ಎಂಬಾಕೆ ಇದ್ದಾರೆ. ಅವರ ಗಂಡನ ಕಟ್ಟುಮರ ಹತ್ತಿ ಅಲೆ ದಾಟಿ, ನೀರಿನ ಬಣ್ಣ ಬದಲಾಗುವಲ್ಲಿಯವರೆಗೆ ಹೋಗಬೇಕು. ಎಂದೂ ಸೋಪು ಕಾಣದ ಒಂದು ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಬೇಕು. ಊರಿಗೆ ತಂದ ಮೇಲೆ ಮೂರು ವಾರ ಕತ್ತಲಲ್ಲಿ ಅಲುಗಾಡದೆ ಇರಬೇಕು. ಆಗ ಕಣ್ಣಿಗೆ ಕಾಣದ ಹುಳಹುಪ್ಪಟೆಯೆಲ್ಲ ಸತ್ತು ತಳ ಸೇರುತ್ತವೆ, ಮೇಲಿನ ತಿಳಿಯನ್ನು ಟ್ಯೂಬಿನಲ್ಲಿ ಎಳೆದುಕೊಳ್ಳಬಹುದು. ಈಜು ಬಾರದ ಚಿಕ್ಕಬೈರಪ್ಪನವರು ಕಟ್ಟುಮರದ ಮೇಲೆ ಕೂತ ಚಂದವನ್ನು ಮರಿಯಮ್ಮ ಇಡೀ ಕುಪ್ಪಕ್ಕೆ ನಟಿಸಿ ತೋರಿಸಿದ್ದಾರಂತೆ.

"ಆಯಮ್ಮ ನನ್ನ ತಣ್ಣಿ ಅಣ್ಣ ಅಂತಾರೆ ಸಾರ್. ತಮಿಳಲ್ಲಿ ತಣ್ಣಿ ಅಂದ್ರೆ ನೀರೂ ಹೌದು, ಎಣ್ಣೇನೂ ಹೌದು. ಅದೇ ನನಗೆ ಗ್ರಾಚಾರ ಆಯ್ತು," ಎಂದು ಚಿಕ್ಕಬೈರಪ್ಪನವರು ಕತೆ ಕೇಳಲು ಬಂದ ನನಗೆ ಹೇಳುತ್ತಾರೆ.

ಗ್ರಹಚಾರ ಕಾದಿದ್ದದ್ದು ಅತ್ತಿಬೆಲೆಯ ಗಡಿಯಲ್ಲಿ. ಹುಲ್ಲು ಸುತ್ತಿದ ಜಾಡಿ ಕಂಡರೆ ಪೊಲೀಸಿನವರಿಗೆ ಕಳ್ಳಭಟ್ಟಿಯಲ್ಲದೆ ಬೇರೇನು ಹೊಳೆಯುತ್ತದೆ? ಒಮ್ಮೆ ಹೊಸದಾಗಿ ಬಂದ ಪೇದೆಯೊಬ್ಬ ಎಷ್ಟು ಹೇಳಿದರೂ ನಂಬಲಿಲ್ಲ. "ಕುಡ್ದು ನೋಡಿ ಸಾರ್ ಅಂದೆ. ಅರ್ಧ ಲೋಟ ಒಂದೇ ಗುಟುಕಿಗೆ ಎತ್ತಿಬಿಟ್ರು, ಪಾಪ." ಪೇದೆ ಬೇಲಿಯ ಹಿಂದಿನಿಂದ ಸುಧಾರಿಸಿಕೊಂಡು ಬರುವವರೆಗೆ ಲಾರಿ ಕಾದು ನಿಂತಿತ್ತು. ಅಂದಿನಿಂದ ಗಡಿಯಲ್ಲಿ ಚಿಕ್ಕಬೈರಪ್ಪನವರ ಜಾಡಿಗಳಿಗೆ ರಾಜಮರ್ಯಾದೆ.

ನಗುತ್ತ ಇಷ್ಟು ಹೇಳುವವರು ಮೊದಲ ವರ್ಷದ ಮಾತು ಬಂದ ಕೂಡಲೇ ತಲೆ ತಗ್ಗಿಸುತ್ತಾರೆ. ಆಗ ಇದ್ದದ್ದು ನಾಲ್ಕೇ ಜಾಡಿ. ಬೊಮ್ಮನಹಳ್ಳಿಯ ಹತ್ತಿರ ಲಾರಿ ಹಳ್ಳಕ್ಕೆ ಇಳಿದು ಒಂದು ಜಾಡಿ ಬಿರುಕು ಬಿಟ್ಟಿತು. ಅಷ್ಟು ದೂರದಿಂದ ತಂದ ನೀರು ಚೆಲ್ಲಿಹೋಗಲು ಬಿಡುವ ಮನಸ್ಸಾದರೂ ಹೇಗೆ ಬರಬೇಕು? ನೇರ ಮನೆಗೆ ಹೊಡೆದರು. ಹೆಂಡತಿ ಮುನಿವೆಂಕಟಮ್ಮ ಸಂಭ್ರಮದಿಂದ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಫಳಫಳ ಬೆಳಗಿದರು. ಎಲ್ಲ ನದಿಗಳೂ ಬಂದು ಸೇರಿದ ನೀರು ಮನೆ ಬಾಗಿಲಿಗೆ ಬಂದಿದೆ, ತಾಮ್ರವಲ್ಲದೆ ಇನ್ನಾವ ಪಾತ್ರೆಯಲ್ಲಿ ಇಡುವುದು? ಹಂಡೆಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದರು. ಬೆಳಗಾಗುವುದರಲ್ಲಿ ಅರ್ಧ ಬೀದಿ ಬಂದು ಸಮುದ್ರತೀರ್ಥವನ್ನು ತಲೆಗೆ ಚಿಮುಕಿಸಿಕೊಂಡು ಹೋಯಿತು. ಮೂರು ದಿನ ಬಿಟ್ಟು ಬೇರೆ ಜಾಡಿ ಸಿಕ್ಕಿತು. ಉಳಿದ ನೀರನ್ನು ಅದಕ್ಕೆ ತುಂಬಿ ಜಯನಗರಕ್ಕೆ ತಲುಪಿಸಿದರು.

ಆ ನೀರು ತೊಟ್ಟಿಗೆ ಬಿದ್ದ ಎರಡೇ ದಿನಕ್ಕೆ ಮೊದಲಿದ್ದ ಕಡಲಹೂವು ಲೋಳೆಯಾಯಿತು. ಸೀಗಡಿಗಳು ಅಂಗಾತ ಬಿದ್ದವು. ಬಸವನಹುಳುಗಳು ಚಿಪ್ಪಿನಿಂದ ಜಾರಿದವು. ಮೀನುಗಳು ಮಾತ್ರ ಏದುಸಿರು ಬಿಡುತ್ತ ಉಳಿದುಕೊಂಡವು. ಮೇಷ್ಟ್ರಿಗೆ ಕಾರಣವೇ ತಿಳಿಯಲಿಲ್ಲ. ಸುದ್ದಿ ಕೇಳಿ ಓಡಿಬಂದ ಚಿಕ್ಕಬೈರಪ್ಪನವರು ಸಮಾಧಾನ ಹೇಳುವ ದನಿಯಲ್ಲಿ ತಾವೇ ಅಂದರು, "ಹಂಗಾಗಬಾರದಿತ್ತು ಸ್ವಾಮಿ. ನಾವು ತಾಮ್ರದ ಹಂಡೇಲಿಟ್ಟು ಪೂಜೆ ಮಾಡಿ ತಂದಿದ್ವಿ."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ನಿಧಾನವಾಗಿ ಹೇಳಿದರು, "ತಾಮ್ರ ನಮಗೆ ಮಡಿ, ಈ ಜೀವಗಳಿಗೆ ವಿಷ. ಇದನ್ನ ನಾನು ಮೊದಲೇ ಹೇಳಬೇಕಿತ್ತು. ಮೂವತ್ತು ವರ್ಷ ಪಾಠ ಮಾಡಿದವನು, ನೀರು ತಾ ಅಂದೆ, ಯಾಕೆ ಏನು ಅಂತ ಹೇಳಲಿಲ್ಲ. ತಪ್ಪು ನಂದು. ಕೂತ್ಕೊಳ್ಳಿ, ಈಗ ಹೇಳ್ತೇನೆ." ಅಂದು ಮಧ್ಯಾಹ್ನದವರೆಗೆ ಪಾಠ ನಡೆಯಿತು. ಮೇಷ್ಟ್ರ ಪತ್ನಿ ಸತ್ಯಭಾಮಾ ಇಬ್ಬರಿಗೂ ಎರಡೆರಡು ಸಲ ಕಾಫಿ ಕೊಟ್ಟರು. ಮಾರನೆಯ ದಿನ ಮರಳು, ಚಿಪ್ಪು ಎಲ್ಲ ಎಸೆದು ತೊಟ್ಟಿಯನ್ನು ಇಬ್ಬರೂ ಸೇರಿ ಉಜ್ಜಿ ತೊಳೆದರು. "ಬಯ್ದಿದ್ರೆ ಮರ್ತುಬಿಡ್ತಿದ್ದೆ ಸಾರ್. ಆ ದೊಡ್ಡ ಮನುಷ್ಯ ಕೂರಿಸಿಕೊಂಡು ಕಲಿಸಿದ್ರು. ಅವತ್ತಿಂದ ನನ್ನ ನೀವು ಅಂತಾರೆ. ಲಾರಿ ಡ್ರೈವರನ್ನ ಯಾರು ಸಾರ್ ನೀವು ಅಂತಾರೆ?" ಎಂದು ಚಿಕ್ಕಬೈರಪ್ಪನವರು ಈಗಲೂ ಕೇಳುತ್ತಾರೆ.

ಇಂಥ ಮನುಷ್ಯ ಈ ಅಕ್ಟೋಬರಿನಲ್ಲಿ ಎರಡು ಸಲ ಖಾಲಿ ಜಾಡಿಗಳನ್ನು ಹೊತ್ತು ಹಿಂತಿರುಗಿದರು. ಮದರಾಸಿನಲ್ಲಿ ಮಳೆ ಹಿಡಿದಿತ್ತು. ಕಟ್ಟುಮರ ಹೋಗುವಷ್ಟು ದೂರದವರೆಗೂ ಕೆಂಪು ನೀರು, ನಾಲಿಗೆಗೆ ಸಪ್ಪೆ. ಎರಡನೆಯ ಸಲ ಜೊತೆಗಿದ್ದ ಹಮಾಲಿ ಕೊಟ್ರಪ್ಪ ಸುಲಭದ ದಾರಿ ತೋರಿಸಿದ್ದ. ಲಾರಿ ತುಂಬ ಉಪ್ಪಿದೆ, ಜಾಡಿಗೆ ಎರಡೆರಡು ಹಿಡಿ ಹಾಕಿದರಾಯಿತು. ಮೇಷ್ಟ್ರ ಬಳಿ, ಹಾಲು ಗಟ್ಟಿಯೋ ನೀರೋ ಎಂದು ನೋಡಲು ತೇಲಿಬಿಡುವಂಥದೇ, ನೀರಿನ ಉಪ್ಪು ಅಳೆಯುವ ಒಂದು ಗಾಜಿನ ಕಡ್ಡಿಯಿದೆ, ಉಪ್ಪು ಹಾಕಿದರೆ ಅದೂ ಎಷ್ಟು ತೇಲಬೇಕೋ ಅಷ್ಟೇ ತೇಲುತ್ತದೆ.

"ಕೊಟ್ರಪ್ಪ ಹೇಳಿದ್ದು ಸುಳ್ಳಲ್ಲ. ಕಡ್ಡಿಗೆ ಗೊತ್ತಾಗ್ತಿರಲಿಲ್ಲ, ಮೇಷ್ಟ್ರಿಗೂ ಗೊತ್ತಾಗ್ತಿರಲಿಲ್ಲ. ಹೂವಿಗೆ ಗೊತ್ತಾಗ್ತಿತ್ತು. ಮೊದಲ್ನೇ ಸಲ ಗೊತ್ತಿಲ್ದೆ ಕೊಂದೆ, ಗೊತ್ತಿದ್ದು ಹೆಂಗ್ ಕೊಲ್ಲೋದು?"

ಖಾಲಿ ಜಾಡಿ ಇಳಿಸಿದ ದಿನ, ತೊಟ್ಟಿಯ ವಾಸನೆಗೇ ಕಡಲತೀರದ ತವರಿಗೆ ಹೋಗಿ ಬಂದ ಹಾಗಾಗುತ್ತದೆ ಎನ್ನುವ ಸತ್ಯಭಾಮಾ ಕಣ್ಣೊರೆಸಿಕೊಂಡರು. ಮೂರನೆಯ ಸಲ ದೇವರು ದೊಡ್ಡವನು, ನಾಲ್ಕು ದಿನ ಬಿಸಿಲು ಬಿತ್ತು. ಮರಿಯಮ್ಮನ ಗಂಡ ಎಂದಿಗಿಂತ ಎರಡರಷ್ಟು ದೂರ ಹುಟ್ಟು ಹಾಕಿದ. ಮೂರು ವಾರದ ಹಿಂದೆ ಹಾಗೆ ಬಂದ ನೀರೇ ಇಂದು ಉಗ್ರಾಣದಲ್ಲಿರುವುದು.

ಏಳು ಗಂಟೆಗೆ ನಾಲ್ಕು ಜಾಡಿ ನೀರು ತೊಟ್ಟಿ ಸೇರಿದೆ. ಒಂದೇ ಸಲಕ್ಕೆ ಸುರಿಯುವಂತಿಲ್ಲ. ಟ್ಯೂಬಿನ ತುದಿಯನ್ನು ಎರಡು ಬೆರಳಲ್ಲಿ ಒತ್ತಿ, ಸಣ್ಣ ಎಳೆಯಾಗಿ ಬಿಡುತ್ತ ಚಿಕ್ಕಬೈರಪ್ಪನವರ ಕೈ ಮರಗಟ್ಟಿದೆ. ಮೀನುಗಳು ಆಗಲೇ ಚುರುಕಾಗಿವೆ. ಹೂವು ಹಾಗೇ ಇದೆ. ಎಂಟಾಯಿತು. ಲಾರಿಗೆ ಕೋಸು ಹೇರುವ ಹೊತ್ತು ಮೀರಿತು. ಮೇಷ್ಟ್ರು "ನೀವು ಹೊರಡಿ ಬೈರಪ್ಪನವರೇ, ಅರಳಿದರೆ ಹೇಳಿ ಕಳಿಸ್ತೇನೆ" ಎನ್ನುತ್ತಾರೆ. ಇವರು ಕದಲುವುದಿಲ್ಲ.

ಎಂಟೂವರೆಯ ಸುಮಾರಿಗೆ ಮುದುಡಿದ ಉಂಡೆಯ ನಡುವಿನಿಂದ ನಸುಗೆಂಪು ಎಸಳೊಂದು ಹೊರಗೆ ಇಣುಕುತ್ತದೆ. ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಅಂಗೈಯಗಲ ಅರಳಿ, ಹೊಸ ನೀರಿನಲ್ಲಿ ಮೆಲ್ಲಗೆ ತೂಗತೊಡಗುತ್ತದೆ. ಸತ್ಯಭಾಮಾ ಒಳಗಿನಿಂದ ಓಡಿಬರುತ್ತಾರೆ. ಮೇಷ್ಟ್ರು ಚಿಕ್ಕಬೈರಪ್ಪನವರ ಒದ್ದೆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ನಿಲ್ಲುತ್ತಾರೆ.

ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುವಾಗ ಪಕ್ಕದ ಮನೆಯವರೊಬ್ಬರು ಬೇಲಿಯಾಚೆಯಿಂದ ಕೇಳುತ್ತಾರೆ, ಮೇಷ್ಟ್ರ ಮನೆಯಲ್ಲಿ ನಿಮಗೇನು ಕೆಲಸ ಎಂದು. ಚಿಕ್ಕಬೈರಪ್ಪನವರು ಒಮ್ಮೆ ನಡುಮನೆಯ ಕಡೆ ನೋಡುತ್ತಾರೆ.

"ಮೀನು, ಹೂವು ಎಲ್ಲಾ ಮೇಷ್ಟ್ರುದು ಸಾರ್. ನೀರು ನಂದು."