ಹಿರಿಯರ ಮುಂದೆ ಎತ್ತಿಕೊಳ್ಳದ ಮಗಳು

ನೂಲಿನ ದರಕ್ಕೆ, ಕರೆಂಟಿಗೆ ಧರಣಿ ಕೂತು ಪಳಗಿದವರು ನಾವು ಬನಹಟ್ಟಿಯ ನೇಕಾರರು. ಆಗೆಲ್ಲ ಶಾಮಿಯಾನಾದೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಗಂಡ ಹೆಂಡತಿ ಬೇರೆಯಾದರೂ ಮಕ್ಕಳು ತಂದೆಯ ಜೊತೆಗೂ ಸಮನಾಗಿ ಇರುವಂತೆ ಕಾನೂನು ಬದಲಿಸಿ ಎಂದು ಹೋದ ವರ್ಷ ಜಮಖಂಡಿಯಲ್ಲಿ ಕೂತಾಗ ನಾವು ಬೆರಳೆಣಿಕೆಯ ಗಂಡಸರು. ಅದರಲ್ಲೂ ಇಬ್ಬರು ಹೊಸ ಸೊಸೆಯರಂತೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. "ಹೆಣ್ತಿ ಬಿಟ್ಟಾವ್ರ ಸಂಘ ಏನ್ರಿ ಇದು?" ಎಂದು ದಾರಿಹೋಕರು ಕೇಳಿ ನಕ್ಕರು.

ನನ್ನ ಮಗಳು ಮುಧೋಳದಲ್ಲಿ ತಾಯಿಯ ಬಳಿ ಇದ್ದಾಳೆ. ತಾಯಿ ಚೆನ್ನಾಗಿಯೇ ಸಾಕಿದ್ದಾಳೆ, ಸುಳ್ಳು ಹೇಳಬಾರದು. ನನ್ನ ಪಾಲಿಗೆ ತಿಂಗಳಿಗೊಮ್ಮೆ, ಜಮಖಂಡಿ ಕೋರ್ಟಿನ ಪಡಸಾಲೆಯಲ್ಲಿ ಒಂದು ತಾಸು. ಅವಳು ರಜೆಗಾದರೂ ಮನೆಗೆ ಬರಲಿ ಎಂಬುದೊಂದೇ ನನ್ನ ಹಂಬಲ.

ಹಿರಿಯರೆದುರು ಸ್ವಂತ ಕೂಸನ್ನು ಎತ್ತಿಕೊಳ್ಳುವುದು ನಮ್ಮ ಮನೆಯಲ್ಲಿ ನಾಚಿಕೆಗೇಡು. ಅಪ್ಪ ಒಳಗಿದ್ದರೆ ಮಗಳು ಎಷ್ಟೇ ಅತ್ತರೂ ನಾನು ಗೋಡೆ ನೋಡುತ್ತಿದ್ದೆ. ಅವರು ನೂಲು ತರಲು ಹೊರಟರೋ, ಅವಳನ್ನು ಹೆಗಲಿಗೆ ಹಾಕಿಕೊಂಡು ಮಗ್ಗದ ಖೋಲಿಗೆ ಓಡುತ್ತಿದ್ದೆ. ಪವರ್‌ಲೂಮಿನ ಸದ್ದಿಗೆ ಮನೆಗೆ ಬಂದ ಬೀಗರು ತಲೆ ಹಿಡಿದುಕೊಳ್ಳುತ್ತಿದ್ದರು. ಅವಳು ಆ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದಳು. ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತಿದ್ದಳು. ನನ್ನ ಅಂಗಿಯ ಮೇಲಿನ ಹತ್ತಿಯ ಧೂಳು ಅವಳ ಕೆನ್ನೆಗೆ ಅಂಟಿರುತ್ತಿತ್ತು. ಅಷ್ಟು ಸುಖವನ್ನು ನಾನು ಮತ್ತೆ ಕಾಣಲಿಲ್ಲ.

ಕೇಸು ನಡೆದಾಗ ಎದುರು ಪಾರ್ಟಿಯ ವಕೀಲರು ಅವ್ವನನ್ನು ಕೇಳಿದರು, ನಿಮ್ಮ ಮಗ ಮಗುವನ್ನು ಎತ್ತಿ ಆಡಿಸುತ್ತಿದ್ದನೇ ಎಂದು. ಅವ್ವ ಸೆರಗು ಸರಿಪಡಿಸಿಕೊಂಡು, "ನನ್ನ ಮಗ ಅಂಥಾಂವ ಅಲ್ರಿ. ಹಿರ್ಯಾರ ಮುಂದ ಒಂದಿನಾನೂ ಕೂಸಿನ್ನ ಮುಟ್ಟಿಲ್ಲ" ಎಂದಳು. ಮಗನಿಗೆ ಒಳ್ಳೆಯ ಸರ್ಟಿಫಿಕೇಟು ಕೊಟ್ಟೆನೆಂಬ ಹೆಮ್ಮೆಯಲ್ಲಿ ಬಂದು ಕೂತಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ತಂದೆ ಮಗುವನ್ನು ಮುಟ್ಟಿಯೇ ಇಲ್ಲವೆಂದು ವಕೀಲರು ಬರೆಸಿದರು.

ಧರಣಿಯ ದಿನವೇ ಭೇಟಿಯ ದಿನವೂ ಆಗಿತ್ತು. ಅಪ್ಪ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದು ನಮ್ಮ ಜೊತೆ ಕೂತರು. ಹೊತ್ತಾದ ಮೇಲೆ ಇಬ್ಬರೂ ಎದ್ದು ಕೋರ್ಟಿಗೆ ನಡೆದೆವು. ಮಗಳು ತಾಯಿಯೊಂದಿಗೆ ಆಟೋದಿಂದ ಇಳಿದಳು. ನನ್ನ ಎದೆಯೆತ್ತರಕ್ಕೆ ಬೆಳೆದಿದ್ದಳು. ನಾನು ಹಳೆಯ ರೂಢಿಯಂತೆ ಅಪ್ಪನ ಮುಖ ನೋಡುತ್ತ ನಿಂತೆ.

"ನನ್ನ ಮಾರಿ ಏನ್ ನೋಡ್ತಿ? ಎತ್ಕೋ," ಅಂದರು ಅಪ್ಪ. "ನಾನ ಹೇಳಾಕತ್ತೇನಿ."

ನಾನು ಕೈ ಚಾಚಿ ಬಾಗಿದೆ. ಮಗಳು ಸುತ್ತಲೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಅಪ್ಪಾ," ಅಂದಳು ಮೆಲ್ಲಗೆ. "ಅಜ್ಜ ಇದ್ದಾನ, ಮಂದಿ ಇದ್ದಾರ. ನಾಚಿಕಿ ಬರತೈತಿ."