ತೊಟ್ಟಿಲ ದಿನದ ಮಾತು

ಆ ಪುರಾಣಿಕನನ್ನು ಬೈಯಬೇಕೆಂದು ಕುಳಿತಾಗಲೆಲ್ಲ ಮೊದಲು ನೆನಪಾಗುವುದು ಆತ ಎಷ್ಟು ಚೆನ್ನಾಗಿ ಹೇಳುತ್ತಿದ್ದ ಎನ್ನುವುದು. ಬೈಗುಳ ಅಲ್ಲಿಯೇ ಅರ್ಧ ಸಾಯುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸೊಲ್ಲಾಪುರದಲ್ಲಿ ಅಪ್ಪನದು ಚಾದರದ ಅಂಗಡಿ. ಕಿರಿಯ ಮಗಳು ನಾನು ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕನನ್ನು ಅಕ್ಕಲಕೋಟೆಯ ಹೊಲಮನೆಯಿದ್ದ ಕುಟುಂಬಕ್ಕೆ ಕೊಟ್ಟಿದ್ದೆವು. ಮದುವೆಯಾಗಿ ಬಹಳ ವರ್ಷವಾದರೂ ಆಕೆಗೆ ಮಕ್ಕಳಾಗಿರಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ತರುವ ಮಾತನ್ನು ಅತ್ತೆ ಆಗಲೇ ತೆಗೆದಿದ್ದರು. ಜಗಳವಾಡಿ ಅಲ್ಲ, ರೊಟ್ಟಿ ಬಡಿಯುತ್ತ, ಕಾಳು ಆರಿಸುತ್ತ, ಮೆಲ್ಲಗೆ. ಅಕ್ಕನ ಗಂಡ ಒಳ್ಳೆಯವನು, ಆದರೆ ತಾಯಿಯ ಮುಂದೆ ಬಾಯಿಲ್ಲದವನು. ಅಂಥ ಒಳ್ಳೆಯತನವನ್ನು ಕಟ್ಟಿಕೊಂಡು ಏನು ಮಾಡುವುದು?

ಶ್ರಾವಣ ಬಂದರೆ ಅಲ್ಲಿನ ಮಠದಲ್ಲಿ ತಿಂಗಳಿಡೀ ಪುರಾಣ ಹಚ್ಚುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಪುರಾಣಿಕ ಎತ್ತರದ ಪೀಠದಲ್ಲಿ ಕೂಡುವನು. ಪಕ್ಕದಲ್ಲಿ ಹಾರ್ಮೋನಿಯಂ ಪೇಟಿ ಹಿಡಿದ ಗವಾಯಿ, ಆಚೆಗೆ ತಬಲಾದವನು. ಆ ವರ್ಷ ಬಂದಾತ ಊರಿಗೆ ಹೊಸಬ. ಮಧ್ಯಾಹ್ನ ಯಾರ ಮನೆಯಲ್ಲಿ ಪ್ರಸಾದವೋ ಅವರ ಕಷ್ಟಸುಖ ಕೇಳಿಕೊಳ್ಳುವನು, ಸಂಜೆ ಅದನ್ನೇ ಕಥೆಯೊಳಗೆ ಬೆರೆಸುವನು. ಹಿಂದೆ ಕುಳಿತ ಹುಡುಗರು ತೂಕಡಿಸಿದರೆ ಮರಾಠಿಯಲ್ಲಿ "ಕಾಯ್ ರೇ, ಝೋಪ್ ಆಲೀ ಕಾ?" ಎಂದು ಎಬ್ಬಿಸಿ ನಗಿಸುವನು; ಆ ನಗು ನಿಲ್ಲುವುದರೊಳಗೆ ಕನ್ನಡಕ್ಕೆ ಹೊರಳಿ ಮುದುಕಿಯರನ್ನು ಅಳಿಸುವನು. ದುಃಖದ ಮಾತು ಬಂದಾಗ ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದ. ಕೇಳಿಸಲಿಲ್ಲವೆಂದು ಮಠವೆಲ್ಲ ಮುಂದಕ್ಕೆ ಬಾಗುತ್ತಿತ್ತು. ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು. ಆತ ಎಲ್ಲರಿಗೂ ಹೇಳುತ್ತಿರಲಿಲ್ಲ. ಒಂದು ಮುಖ ಆರಿಸಿಕೊಂಡು ಅದಕ್ಕೇ ಹೇಳುತ್ತಿದ್ದ. ಉಳಿದವರು ಆ ಮುಖ ನೋಡಿ ಅಳುತ್ತಿದ್ದರು.

ಪುರಾಣದಲ್ಲಿ ಕಥಾನಾಯಕ ಶರಣನ ಜನನ ಬಂದ ದಿನ ಮಠದ ಕಂಬಗಳ ನಡುವೆ ನಿಜವಾದ ತೊಟ್ಟಿಲನ್ನೇ ಕಟ್ಟುವುದು ರೂಢಿ. ಒಳಗೆ ಕಟ್ಟಿಗೆಯ ಗೊಂಬೆ. ಹೆಂಗಸರು ಜೋಗುಳ ಹಾಡಿ ಗುಗ್ಗರಿ ಹಂಚುತ್ತಾರೆ. ಮಕ್ಕಳಿಲ್ಲದ ಒಬ್ಬಳನ್ನು ಕರೆದು, ಅಕ್ಕಿ ಕಾಯಿ ಉತ್ತತ್ತಿಯಿಂದ ಉಡಿ ತುಂಬಿ, ಮೊದಲು ಅವಳ ಕೈಯಿಂದ ತೂಗಿಸುತ್ತಾರೆ. ಅದಕ್ಕೆಂದೇ ಅವ್ವ ಮತ್ತು ನಾನು ಸೊಲ್ಲಾಪುರದಿಂದ ಬಸ್ಸಿನಲ್ಲಿ ಹೋಗಿದ್ದೆವು. ಹಿಂದಿನ ದಿನ ಪುರಾಣಿಕನ ಊಟ ಅಕ್ಕನ ಮನೆಯಲ್ಲೇ ಆಗಿತ್ತು. ಅತ್ತೆ ಹೇಳುವುದನ್ನೆಲ್ಲ ಹೇಳಿದ್ದರು.

ಅಕ್ಕ ತೊಟ್ಟಿಲು ತೂಗಿದಳು. ಪುರಾಣಿಕ ಕೈ ಎತ್ತಿದ, ತಬಲಾ ಗಪ್ಪಾಯಿತು.

"ಮುಂದಿನ ಶ್ರಾವಣಕ್ಕ ಈ ತಾಯಿ ಉಡಿಯಾಗ ಕೂಸ ತಗೊಂಡ ಬರ್ತಾಳ. ಬರ್ತಾಳೋ ಇಲ್ಲೋ?"

"ಬರ್ತಾಳ!" ಎಂದಿತು ಮಠ.

"ನನಗ ಕೇಳಿಸ್ಲಿಲ್ಲ. ಶರಣಗ ಕೇಳಿಸ್ಬೇಕು."

ಗೋಡೆ ನಡುಗುವ ಹಾಗೆ ಕೂಗಿದರು. ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದ ನಾನೂ ಕೂಗಿದೆ. ಅಷ್ಟು ಜನ ಒಂದೇ ಉಸಿರಿನಲ್ಲಿ ಬಯಸಿದ್ದು ಸುಳ್ಳಾಗುವುದಾದರೂ ಹೇಗೆ ಎನಿಸಿತ್ತು.

ಅತ್ತೆ ಕಣ್ಣೊರೆಸಿಕೊಂಡು ಅವ್ವನಿಗೆ ಹೇಳಿದರು: "ಬೀಗತಿ, ಒಂದ ವರ್ಷ ತಡಿಯೂಣ್ರಿ. ಪುರಾಣದಾಗಿನ ಮಾತ ಅದ."

ಆ ಒಂದು ವರ್ಷ ಅಕ್ಕ ಸುಖವಾಗಿದ್ದಳು. ಅತ್ತೆ ಹಾಲು ಕಾಸಿ ಕುಡಿಸುತ್ತಿದ್ದರು, ಬಾವಿಯ ಕೊಡ ಹೊರಲು ಬಿಡುತ್ತಿರಲಿಲ್ಲ. ಅಕ್ಕ ಕುಪ್ಪಸದ ಖಣದ ಚೂರುಗಳನ್ನು ಕೂಡಿಸಿ ಒಂದು ಕುಂಚಿಗೆ ಹೊಲಿದಳು, ಕೂಸಿನ ನೆತ್ತಿಯಿಂದ ಬೆನ್ನಿನ ತನಕ ಬರುವಂಥದ್ದು. ಮತ್ತೆ ಶ್ರಾವಣ ಬಂತು. ಕೂಸು ಬರಲಿಲ್ಲ. ಪುರಾಣಿಕನೂ ಬರಲಿಲ್ಲ, ಆತನನ್ನು ಬೇರೆ ಊರಿನವರು ಕರೆಸಿದ್ದರು.

ನನಗೆ ಇಂದಿಗೂ ಮೈ ಉರಿಯುವುದು ಇಲ್ಲಿ. ಮಠದಲ್ಲಿ ಕೂಗಿದ ಒಬ್ಬರೂ ಪುರಾಣಿಕನನ್ನು ಅನುಮಾನಿಸಲಿಲ್ಲ. ಅಕ್ಕನನ್ನು ಅನುಮಾನಿಸಿದರು. "ಅಂಥಾವ್ರ ಮಾತ ಸುದ್ಧಾ ಫಲಿಸ್ಲಿಲ್ಲಂದ್ರ ಆಕಿ ನಸೀಬದಾಗ ಏನೋ ಖೋಟಿ ಅದ" ಎಂದರು. ಆತ ಮಾತೇ ಆಡದಿದ್ದರೆ ಅಕ್ಕ ಬರಿ ಬಂಜೆಯಾಗಿರುತ್ತಿದ್ದಳು, ಆಡಿದ್ದರಿಂದ ಪಾಪಿಯಾದಳು. ದೀಪಾವಳಿ ಕಳೆದ ಮೇಲೆ ಎರಡನೆಯವಳು ಹೊಸ್ತಿಲು ದಾಟಿ ಒಳಗೆ ಬಂದಳು. ಅಪ್ಪ ಹೋಗಿ ಅಕ್ಕನನ್ನು ಕರೆತಂದ. ಟ್ರಂಕಿನ ತಳದಲ್ಲಿ ಕುಂಚಿಗೆಯೂ ಬಂತು.

ಅದರ ಮುಂದಿನ ಶ್ರಾವಣದಲ್ಲಿ ಮಂದ್ರೂಪದ ಚಿಕ್ಕಮ್ಮ ನಮ್ಮಿಬ್ಬರನ್ನು ಕರೆಸಿಕೊಂಡಳು. ಅಲ್ಲಿ ಪುರಾಣ ಹೇಳುತ್ತಿದ್ದಾತ ಅವನೇ. ಅಂದು ತೊಟ್ಟಿಲ ದಿನ. ಬೇಡವೆಂದರೂ ಅಕ್ಕ ಕೇಳಲಿಲ್ಲ. ಹೆಂಗಸರ ನಡುವೆ ಹೋಗಿ ಕುಳಿತಳು, ಪಕ್ಕದಲ್ಲಿ ನಾನು. ಆತ ದನಿ ಇಳಿಸಿದ.

"ಅಕ್ಕಲಕೋಟ್ಯಾಗ ಒಬ್ಬಾಕಿ ತಾಯಿ. ಗಂಡಗ ಎರಡನೇ ಲಗ್ನ ಮಾಡಾಕ ನಿಂತಿದ್ರು. ಅಳಕೋತ ಈ ತೊಟ್ಟಿಲಾ ತೂಗಿದ್ಲು. ವರ್ಷ ತುಂಬಲಿಲ್ಲ, ಗಂಡು ಕೂಸ! ಕಾಲಾಗ ಗೆಜ್ಜಿ, ತಲಿಮ್ಯಾಲ ಖಣದ ಕುಂಚಿಗಿ. ನನ್ನ ಕಾಲಾಗ ತಂದ ಹಾಕಿದ್ಲು."

ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಆತನ ಕಣ್ಣಲ್ಲೂ ನೀರಿತ್ತು. ಸುಳ್ಳು ಹೇಳುತ್ತಿದ್ದನೇ? ಹಾಗೆಂದು ಖಚಿತವಾಗಿ ಹೇಳಲಾರೆ. ಯಾರೋ ಹಬ್ಬಿಸಿದ ಸುದ್ದಿಯನ್ನು ನಂಬಿರಬಹುದು, ಇಲ್ಲವೆ ಹೇಳುತ್ತ ಹೇಳುತ್ತ ತಾನೇ ನಂಬಿರಬಹುದು. ಹಾಡಿದ್ದೇ ಹಾಡುವ ಕಿಸಬಾಯಿದಾಸ ಆತನಲ್ಲ, ಪ್ರತಿ ಸಲವೂ ಹೊಸದಾಗಿ ನೋಯುತ್ತಿದ್ದ. ಎದ್ದು ನಿಂತು ಎಲ್ಲವನ್ನೂ ಹೇಳಿಬಿಡಬೇಕೆಂದು ಮೊಣಕಾಲೂರಿದೆ. ಅಕ್ಕ ನನ್ನ ರಟ್ಟೆ ಹಿಡಿದು ಕೂರಿಸಿದಳು.

"ಸುಮ್ಮ ಕೂಡು. ಹೇಳಾಕತ್ತಾರ, ಕೇಳೂಣು."

ಮುಗಿದ ಮೇಲೆ ಎಲ್ಲರೂ ಸಾಲಾಗಿ ಹೋಗಿ ಕಾಲಿಗೆ ಬಿದ್ದರು. ಆತ ಅಕ್ಕನ ಕೈಗೆ ವಿಭೂತಿ ಕೊಟ್ಟ, ಗುರುತು ಸಿಗಲಿಲ್ಲ. ಮುಖಗಳು ಆತನಿಗೆ ಬೇಕಾಗಿದ್ದದ್ದು ಕಥೆ ಮುಗಿಯುವ ತನಕ ಮಾತ್ರ.

"ಎಷ್ಟ ಮಕ್ಕಳ ತಾಯಿ?" ಎಂದ.

"ಒಬ್ಬಾಂವ ಮಗಾ ಅದಾನ್ರಿ" ಎಂದಳು ಅಕ್ಕ.

"ಚಲೋ ಆತು. ನೂರು ವರ್ಷ ಬಾಳ್ಲಿ."

ಮರುದಿನ ಬಸ್ಸಿನಲ್ಲಿ ನಾನು ಆ ಮನುಷ್ಯನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅಕ್ಕ ಕಿಟಕಿಯಾಚೆಯ ಕಬ್ಬು ನೋಡುತ್ತ ಕೇಳಿದಳು: "ಖಣದ ಕುಂಚಿಗಿ ಅಂದ್ರಲ್ಲ, ಅವರಿಗಿ ಹ್ಯಾಂಗ ಗೊತ್ತಾತ?" ಎಲ್ಲ ಕೂಸುಗಳಿಗೂ ಹಾಕುವುದು ಅದನ್ನೇ ಎಂದು ಹೇಳಬಹುದಿತ್ತು.

ಆಮೇಲೆ ಆತನ ಪುರಾಣ ಯಾವ ಊರಲ್ಲೆಂದು ಅಕ್ಕ ವಿಚಾರಿಸಿಕೊಂಡು ಹೋಗತೊಡಗಿದಳು. ತೊಟ್ಟಿಲ ದಿನ ಮಾತ್ರ. ಜೊತೆಗೆ ನಾನು. ಆತನ ಕಥೆಯೊಳಗಿನ ಹುಡುಗ ಶ್ರಾವಣದಿಂದ ಶ್ರಾವಣಕ್ಕೆ ಬೆಳೆದ. ಒಂದೂರಲ್ಲಿ ತೊದಲು ಮಾತಾಡಿದ. ಸಲಗರದಲ್ಲಿ ಪಾಟಿ ಹಿಡಿದು ಸಾಲಿಗೆ ಹೊರಟ. ಮನೆಗೆ ಬಂದು ಅಕ್ಕ ಅವ್ವನಿಗೆ ಹೇಳುವಳು, "ಈ ವರ್ಷ ಸಾಲಿಗಿ ಹಚ್ಚ್ಯಾರಂತ." ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುವಳು. ಅಕ್ಕನಿಗೆ ತಲೆ ಕೆಟ್ಟಿರಲಿಲ್ಲ. ಉಳಿದ ದಿನವೆಲ್ಲ ಮನೆಗೆಲಸ ಚೊಕ್ಕಟವಾಗಿ ಮಾಡುತ್ತಿದ್ದಳು, ನನ್ನ ಮದುವೆಯ ಸೀರೆಗಳನ್ನು ಆರಿಸಿದವಳೂ ಅವಳೇ. ಅವಳಿಗೆ ಮಗ ಇದ್ದದ್ದು ಆ ಒಂದು ಸಂಜೆ ಮಾತ್ರ.

ದಶಕದ ಕೊನೆಗೆ ನಂದೇಶ್ವರಕ್ಕೆ ಹೋದೆವು. ಪುರಾಣಿಕನ ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ತೊಟ್ಟಿಲು ಕಟ್ಟಿದರು. ಆತ ದನಿ ಇಳಿಸಿದ, ಅಕ್ಕ ಮುಂದಕ್ಕೆ ಬಾಗಿದಳು. "ಇಂಡಿ ಕಡೆ ಒಬ್ಬಾಕಿ ತಾಯಿ" ಎಂದು ಶುರು ಮಾಡಿದ. ಆಕೆಗೆ ಅವಳಿಜವಳಿ. ಹೊಸ ಪವಾಡ, ಜನ ಮೊದಲಿಗಿಂತ ಹೆಚ್ಚು ಅತ್ತರು. ಅಕ್ಕ ಮಂಗಳಾರತಿಯ ತನಕ ಕಾದಳು. ಅಕ್ಕಲಕೋಟೆಯ ಮಾತು ಬರಲೇ ಇಲ್ಲ.

ಮರುದಿನ ಸೊಲ್ಲಾಪುರದ ಮನೆ ಮುಟ್ಟಿದಾಗ ಅಕ್ಕ ಒಳಗೆ ಬರಲಿಲ್ಲ. ಹಿತ್ತಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು, ಮಣ್ಣು ಕೊಟ್ಟು ಬಂದವರು ಮಾಡುವ ಹಾಗೆ.

ಅವ್ವ ಗಾಬರಿಯಿಂದ ನನ್ನ ಕಡೆ ತಿರುಗಿದಳು. "ಯಾರ ಹೋದ್ರ?" ಎಂದಳು.